ಗುರ್ಕಾರನ ಬಾಣಂತನ

ಬಾಣಂತಿಯ ಬಚ್ಚಲಿನೊಳಗೆ ನಡೆಯುವುದು ನನ್ನ ಮಾತೊಂದೇ. ಹೊರಗೆ ಅವಳು ಬ್ಯಾಂಕಿನ ಮ್ಯಾನೇಜರಾಗಿರಲಿ, ದೊಡ್ಡ ವಕೀಲೆಯಾಗಿರಲಿ, ಮಣೆಯ ಮೇಲೆ ಕುಳಿತ ಮೇಲೆ ಜಯಕ್ಕ ಬಗ್ಗು ಎಂದರೆ ಬಗ್ಗಬೇಕು, ಕಣ್ಣು ಮುಚ್ಚು ಎಂದರೆ ಮುಚ್ಚಬೇಕು. ಎಣ್ಣೆ ತಿಕ್ಕುವಾಗ ಅಯ್ಯೋ ಅಮ್ಮಾ ಎಂದು ಕಿರುಚಿದರೆ ನಾನು ಅದಕ್ಕಿಂತ ಜೋರಾಗಿ ಕಿರುಚುತ್ತೇನೆ. ಮಂಗಳೂರಿನ ಬೋಳಾರದಿಂದ ಅತ್ತಾವರದವರೆಗೆ ನಾನು ಮೀಯಿಸಿದ ಮಕ್ಕಳು ಈಗ ಮೀಸೆ ಬಿಟ್ಟುಕೊಂಡು ಬೈಕಿನಲ್ಲಿ ಓಡಾಡುತ್ತಾರೆ, ನನ್ನನ್ನು ಕಂಡರೆ ಬೈಕು ನಿಧಾನ ಮಾಡುತ್ತಾರೆ. ನನ್ನ ಗಂಟಲು ದೊಡ್ಡದು, ಸಿಟ್ಟು ಮೂಗಿನ ತುದಿಯಲ್ಲಿ. ಇದನ್ನು ಬೇರೆ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಈ ಕೆಲಸದಲ್ಲಿ ಒಂದು ಸಂಗತಿಯನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಉರ್ಸುಲಾ ಎಂಬ ಟೀಚರಮ್ಮ ಗಂಡನಿಗೆ ಬೈಯುವುದೂ ಇಂಗ್ಲಿಷಿನಲ್ಲೇ. ಮಿಂದ ಮಗುವನ್ನು ಒರೆಸಿ ಅವಳ ಮಡಿಲಿಗೆ ಹಾಕಿದರೆ ಬಾಯಿಂದ ಬರುವುದು ಕೊಂಕಣಿ. ಆಮ್ನಾ ನನ್ನ ಜೊತೆ ತುಳು ಮಾತಾಡುತ್ತಾಳೆ, ಡಾಕ್ಟರ ಜೊತೆ ಕನ್ನಡ, ಮಗುವಿನ ಕಿವಿಗೆ ಬಾಯಿ ಇಟ್ಟರೆ ಬ್ಯಾರಿ. ಹಾಗೆ ಮಾಡು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನಾನು ಕೂಡ ಅದರ ಬಗ್ಗೆ ತಲೆ ಕೆಡಿಸಿಕೊಂಡವಳಲ್ಲ. ಮುಂದಿನ ಮನೆಯ ಹಂಡೆಯಲ್ಲಿ ನೀರು ಕಾದಿರುತ್ತದೆ, ಓಡಬೇಕು.

ಕಳೆದ ದೀಪಾವಳಿ ಮುಗಿದ ಮೇಲೆ ನನಗೆ ಸಿಕ್ಕಿದ ಬಾಣಂತಿ ಅಪೇಕ್ಷಾ. ಅತ್ತಾವರದ ಆಶಾಲತಕ್ಕನ ಮಗಳು. ಹಿಂದೆ ಗದ್ದೆ ತೋಟ, ಈಗ ಎರಡು ಹೋಟೆಲು ಇರುವ ದೊಡ್ಡ ಮನೆ ಅವರದು. ಅಪೇಕ್ಷಾ ಮಾತ್ರ ಹೋಟೆಲಿನ ಕಡೆ ತಲೆ ಹಾಕದೆ ಹಕ್ಕಿಗಳ ಡಾಕ್ಟರಾದಳು. ತೊಕ್ಕೊಟ್ಟಿನಿಂದ ಕೊಣಾಜೆಗೆ ಹೋಗುವ ದಾರಿಯಲ್ಲಿ ಒಳಗೆ ಹೋದರೆ ಒಂದು ಗಿಳಿ ಕೇಂದ್ರವಿದೆ, ಅಲ್ಲಿ ಅವಳ ಕೆಲಸ. ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ನಲ್ವತ್ತು ದಿನ ಹೊಸ್ತಿಲು ದಾಟುವ ಹಾಗಿಲ್ಲ, ತಲೆಗೆ ಗಾಳಿ ತಾಗುವ ಹಾಗಿಲ್ಲ, ಫೋನು ನೋಡುವ ಹಾಗಿಲ್ಲ ಎಂದು ಆಶಾಲತಕ್ಕ ಕಟ್ಟಪ್ಪಣೆ ಮಾಡಿದ್ದರು. ಹೊಸ್ತಿಲು, ಗಾಳಿ ಎರಡಕ್ಕೂ ಹುಡುಗಿ ಒಪ್ಪಿಕೊಂಡಳು. ಫೋನು ಬಿಡಲಿಲ್ಲ.

ಒಂದು ಬೆಳಿಗ್ಗೆ ಅವಳ ಬೆನ್ನಿಗೆ ಎಣ್ಣೆ ಹಾಕುತ್ತಿದ್ದೆ. ಬಚ್ಚಲಿನ ಕಿಟಕಿಯಲ್ಲಿಟ್ಟ ಫೋನು ಮಾತಾಡಿತು. ಆ ಕಡೆ ಕೇಂದ್ರದಲ್ಲಿ ಗಿಳಿಗಳನ್ನು ನೋಡಿಕೊಳ್ಳುವ ಡ್ಯಾಫ್ನಿ.

"ಮೇಡಂ, ಗಂಡು ಪುನಃ ಒಡೆದು ಹಾಕಿತು. ಈ ಸಲದ ಮೊದಲ ಮೊಟ್ಟೆ ಹೋಯ್ತು."

ಅಪೇಕ್ಷಾ ಎಣ್ಣೆ ಮೈಯಲ್ಲೇ ಅಳಲು ಶುರು ಮಾಡಿದಳು. ಬಾಣಂತಿ ಅಳುವುದೆಂದರೆ ಎಂತ! ನಾನು ಗದರಿದೆ.

"ಯಾರ ಮನೆಯಲ್ಲಿ ಎಂತ ಒಡೆಯಿತು ಅಂತ ನಿನಗೆ ಈ ಅಳು ಮಾರಾಯ್ತಿ?"

"ನಿಮಗೆ ಗೊತ್ತಾಗ್ಲಿಕ್ಕಿಲ್ಲ ಜಯಕ್ಕ. ಆಫ್ರಿಕಾದ ಗಿಳಿ. ಕಳ್ಳಸಾಗಣೆಯವರಿಂದ ಬಿಡಿಸಿ ತಂದ ಜೋಡಿ. ಕಾಡಿನಲ್ಲಿ ಅದರ ಸಂತತಿಯೇ ಮುಗೀತಾ ಬಂತು. ಇವು ಮೊಟ್ಟೆ ಇಡ್ತವೆ, ಗಂಡು ಹೆದರಿಕೆಯಲ್ಲಿ ಒಡೆದು ಹಾಕ್ತದೆ. ಎಷ್ಟು ವರ್ಷದಿಂದ ಇದೇ ಕತೆ."

"ಬೂದಿ ಬಣ್ಣವಾ?"

"ಹ್ಞಾಂ."

"ಬಾಲ ಕೆಂಪು? ಕೊಕ್ಕು ಕರಿ?"

ಅವಳು ಅಳು ನಿಲ್ಲಿಸಿ ತಿರುಗಿದಳು. "ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲದೆ ಎಂತ? ನಮ್ಮ ಮನೆಯಲ್ಲಿ ಒಬ್ಬ ಉಂಟಲ್ಲ, ಗುರ್ಕಾರ. ಮೊನ್ನೆಯಷ್ಟೇ ಮೊಟ್ಟೆ ಇಟ್ಟ."

ಗುರ್ಕಾರನ ಬಗ್ಗೆ ಹೇಳಬೇಕು. ನಮ್ಮವರು ಮಸ್ಕತ್ತಿನಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದಾರೆ. ಇಪ್ಪತ್ತು ವರ್ಷದ ಹಿಂದೆ ಅವರ ಸಾಹುಕಾರರೊಬ್ಬರು ಊರು ಬಿಡುವಾಗ ಸಾಕಿದ ಗಿಳಿಯನ್ನು ಇವರ ಕೈಗೆ ಕೊಟ್ಟರು. ಇವರು ಅದನ್ನು ತಂದು, ನಾನು ಇಲ್ಲದಾಗ ನಿನಗೆ ಮಾತಾಡಲು ಒಬ್ಬ ಜನ ಬೇಕಲ್ಲ ಎಂದು ನನ್ನ ಮುಂದೆ ಇಟ್ಟರು. ನಮ್ಮ ಜಾತಿಯ ಕೂಡುಕಟ್ಟಿನ ಹಿರಿಯನಿಗೆ ಗುರ್ಕಾರ ಎನ್ನುತ್ತೇವೆ. ದೇವಸ್ಥಾನದ ಸಭೆಯಲ್ಲಿ ಕೋಟು ಹಾಕಿ ಮುಂದಿನ ಸಾಲಿನಲ್ಲಿ ಕುಳಿತು, ಕೆಮ್ಮಿ, ಎಲ್ಲರನ್ನೂ ಒಂದು ಸುತ್ತು ನೋಡುವ ಜನ. ಈ ಗಿಳಿಯೂ ಬಂದ ದಿನವೇ ಬೂದು ಕೋಟಿನಲ್ಲಿ ಕುಳಿತು, ಕೆಮ್ಮಿ, ನಮ್ಮನ್ನೆಲ್ಲ ಒಂದು ಸುತ್ತು ನೋಡಿತು. ಹೆಸರು ಅಲ್ಲೇ ಬಿತ್ತು. ಗಂಡೋ ಹೆಣ್ಣೋ ಎಂದು ಯಾರೂ ಕೇಳಲಿಲ್ಲ. ಗುರ್ಕಾರ ಎಂದ ಮೇಲೆ ಗಂಡೇ ತಾನೇ?

ಮಾತು ಕಲಿತದ್ದು ನನ್ನಿಂದ. ನನ್ನದೇ ಸ್ವರ, ನನ್ನದೇ ಸಿಟ್ಟು. ಬೆಳಿಗ್ಗೆ ಮಗನನ್ನು ಎಬ್ಬಿಸಲು "ಏ ರೂಪೇಶಾ, ಲಕ್ಕ್!" ಎಂದು ನಾನು ಒಮ್ಮೆ ಕೂಗಿದರೆ ಗುರ್ಕಾರ ಹತ್ತು ಸಲ ಕೂಗುವುದು. ತುಳುವಿನಲ್ಲಿ ಲಕ್ಕ್ ಎಂದರೆ ಎದ್ದೇಳು. ರೂಪೇಶನಿಗೆ ಮದುವೆಯಾಗಿ, ತೊಕ್ಕೊಟ್ಟಿನಲ್ಲಿ ಮೊಬೈಲ್ ಅಂಗಡಿಯಾಗಿ, ಹೊರದೇಶದ ಹಕ್ಕಿಯೆಂದು ಸರಕಾರಕ್ಕೆ ಗುರ್ಕಾರನ ಹೆಸರು ಬರೆಸಿ ಆದ ಮೇಲೂ ಬೆಳಿಗ್ಗೆಯ ಕೂಗು ನಿಲ್ಲಲಿಲ್ಲ. ಸೊಸೆ ಭವ್ಯಶ್ರೀ ಮದುವೆಯಾಗಿ ಬಂದ ಹೊಸತರಲ್ಲಿ, ಅತ್ತೆ ಎರಡು ಜನ ಇದ್ದಾರೆ ಎಂದು ತಾಯಿಗೆ ಫೋನಿನಲ್ಲಿ ಹೇಳಿದ್ದು ನಾನು ಕೇಳಿಸಿಕೊಂಡಿದ್ದೇನೆ.

ಕಳೆದ ದೀಪಾವಳಿಗೆ ಭವ್ಯಶ್ರೀ ಮನೆ ಗುಡಿಸುವಾಗ ನಮ್ಮವರು ಮಸ್ಕತ್ತಿನಿಂದ ತಂದಿದ್ದ ಹಳೆಯ ಮರದ ಪೆಟ್ಟಿಗೆಯನ್ನು ಚಾವಡಿಯ ಮೂಲೆಗೆ ಸರಿಸಿದಳು. ಅದರ ಒಂದು ಬದಿಯ ಹಲಗೆ ಒಡೆದಿತ್ತು. ಗೂಡಿನಿಂದ ಬಿಟ್ಟಾಗಲೆಲ್ಲ ಗುರ್ಕಾರ ಆ ತೂತಿನಿಂದ ಒಳಗೆ ಹೋಗಿ ಕುಳಿತುಕೊಳ್ಳತೊಡಗಿದ. ಒಂದು ದಿನ ಒಳಗೆ ಬೆಳ್ಳಗಿನದೊಂದು ಉರುಟು. "ಅತ್ತೆ, ಗುರ್ಕಾರ ಮೊಟ್ಟೆ ಇಟ್ಟಿದ್ದಾನೆ!" ಎಂದು ಭವ್ಯಶ್ರೀ ಕೂಗಿದಾಗ ನಾನು ಅವಳಿಗೇ ಬೈದೆ. ಆಮೇಲೆ ಬಗ್ಗಿ ನೋಡಿದೆ. ಇಪ್ಪತ್ತು ವರ್ಷ ನಾನು ಮುಂದಿನ ಸಾಲಿನಲ್ಲಿ ಕೂರಿಸಿದ್ದು ಒಬ್ಬ ಹೆಂಗಸನ್ನು! ಹೆಂಗಸರ ಮೈ ನೋಡುವುದೇ ಕಸುಬಾದ ನನಗೇ ಇದು ತಿಳಿಯಲಿಲ್ಲವಲ್ಲ ಎಂದು ಕೇರಿಯವರೆಲ್ಲ ನಕ್ಕರು.

ಇದನ್ನೆಲ್ಲ ಕೇಳಿದ ಅಪೇಕ್ಷಾಳ ಕಣ್ಣು ಅರಳಿತು. ಮೈಯಲ್ಲಿ ಎಣ್ಣೆ ಇಳಿಯುತ್ತಿದೆ, ನೀರು ಆರುತ್ತಿದೆ, ಅವಳು ಪಾಠ ಶುರು ಮಾಡಿದಳು. ನಮ್ಮ ಗುರ್ಕಾರನ ಮೊಟ್ಟೆ ಜೊಳ್ಳು, ಗಂಡು ಇಲ್ಲದೆ ಇಟ್ಟದ್ದು. ಆದರೆ ಅವಳಿಗೆ ಕಾವು ಬಂದಿದೆ. ಕೇಂದ್ರದ ಹೆಣ್ಣು ಇನ್ನೂ ಮೊಟ್ಟೆ ಇಡುತ್ತದೆ. ಇಟ್ಟ ಕೂಡಲೇ ತಂದು ಇವಳ ಅಡಿಗೆ ಹಾಕಿದರೆ?

"ಮೆಷಿನಿನಲ್ಲಿ ಇಡ್ಲಿಕ್ಕೆ ಆಗುದಿಲ್ವಾ? ಕೋಳಿ ಫಾರಂನವರು ಇಡ್ತಾರಲ್ಲ," ಎಂದೆ.

"ಇಟ್ಟಿದ್ದೇವೆ ಒಮ್ಮೆ. ಮರಿ ಆಯ್ತು. ಡ್ಯಾಫ್ನಿಯೇ ಬಾಯಿಗೆ ಹಾಕಿ ದೊಡ್ಡದು ಮಾಡಿದ್ದು. ಈಗ ಅದು ಡ್ಯಾಫ್ನಿಯನ್ನೇ ತಾಯಿ ಅಂತ ತಿಳ್ಕೊಂಡಿದೆ. ಬೇರೆ ಗಿಳಿ ಕಂಡ್ರೆ ಹೆದ್ರಿ ಅವಳ ಹೆಗಲು ಹತ್ತುದು. ಅದನ್ನು ಕಾಡಿಗೆ ಬಿಟ್ಟರೆ ಒಂದು ದಿನ ಬದುಕ್ಲಿಕ್ಕಿಲ್ಲ. ನಮಗೆ ಗಿಳಿಯೇ ಸಾಕಿದ ಗಿಳಿ ಬೇಕು ಜಯಕ್ಕ. ಘಾನಾ ಅಂತ ಒಂದು ದೇಶ ಉಂಟು, ಅಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಹೋಗಿ ಆಯ್ತು. ಮರ ಕಡಿದದ್ದು, ಮತ್ತೆ ಪೊಟರೆಗೆ ಕೈ ಹಾಕಿ ಹಾಕಿ ಹಿಡಿದದ್ದು, ಮನೆಯಲ್ಲಿ ಸಾಕ್ಲಿಕ್ಕೆ. ನಿಮ್ಮ ಗುರ್ಕಾರನನ್ನೂ ಹಾಗೇ ಹಿಡಿದದ್ದಿರ್ಬೇಕು."

ನನಗೆ ಒಳಗೊಳಗೇ ಚುಚ್ಚಿತು. ಊರಿನ ಹೆಣ್ಣುಮಕ್ಕಳನ್ನೆಲ್ಲ ನಿನ್ನ ತಾಯಿಮನೆ ಎಲ್ಲಿ ಎಂದು ಕೇಳುವ ನಾನು, ಮನೆಯಲ್ಲೇ ಇದ್ದವಳನ್ನು ಒಮ್ಮೆಯೂ ಕೇಳಿರಲಿಲ್ಲ.

"ತಂದು ಹಾಕಿ," ಎಂದೆ. "ನನ್ನ ಕೈಯಲ್ಲಿ ಇವತ್ತಿನವರೆಗೆ ಒಂದು ಮಗುವಿಗೂ ಹೆಚ್ಚು ಕಡಿಮೆ ಆಗಲಿಲ್ಲ."

ಆ ಮಾತು ಹೇಳಬಾರದಿತ್ತು.

ಡ್ಯಾಫ್ನಿ ಸ್ಕೂಟರಿನಲ್ಲಿ, ಹೊಟ್ಟೆಗೆ ಕಟ್ಟಿಕೊಂಡ ಬಿಸಿ ಪೆಟ್ಟಿಗೆಯಲ್ಲಿ ಎರಡು ಮೊಟ್ಟೆ ತಂದಳು. ಗುರ್ಕಾರ ಗೋಡಂಬಿ ತಿನ್ನಲು ಹೊರಗೆ ಬಂದಾಗ ಜೊಳ್ಳು ಮೊಟ್ಟೆ ತೆಗೆದು ಇವನ್ನು ಇಟ್ಟೆವು. ಡ್ಯಾಫ್ನಿ ಗುರ್ಕಾರನ ಕಾಲು ನೋಡಿ, ಉಂಗುರ ಇಲ್ಲ, ಸಾಕಣೆಯಲ್ಲಿ ಹುಟ್ಟಿದ್ದಲ್ಲ, ಕಾಡಿನದೇ ಎಂದಳು. ಗುರ್ಕಾರ ಒಳಗೆ ಹೋದಳು. ಮೊಟ್ಟೆಗಳನ್ನು ಕೊಕ್ಕಿನಿಂದ ಒಮ್ಮೆ ತಿರುವಿದಳು. ತಲೆ ಎತ್ತಿ ನನ್ನನ್ನು ನೋಡಿದಳು. ಅವಳು ಮೈ ಅಗಲ ಮಾಡಿ ಕುಳಿತುಬಿಟ್ಟಳು. ಡ್ಯಾಫ್ನಿ ಶಿಲುಬೆಯ ಗುರುತು ಹಾಕಿಕೊಂಡಳು, ನಾನು ಮಂಗಳಾದೇವಿಗೆ ಕೈ ಮುಗಿದೆ.

ಅಪೇಕ್ಷಾ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ಏನೂ ಮಾಡಬೇಡಿ, ಮುಟ್ಟಬೇಡಿ, ಅವಳಿಗೆ ಗೊತ್ತುಂಟು.

ವಾರ ಕಳೆದು ಡ್ಯಾಫ್ನಿ ಬಂದು ಸಣ್ಣ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದು ತೋರಿಸಿದಳು. ಒಳಗೆ ಕೆಂಪು ನರಗಳು, ನಡುವೆ ಮಿಡಿಯುವ ಒಂದು ಚುಕ್ಕೆ. ಎರಡರಲ್ಲೂ. ಹುಟ್ಟಿದ ಮೇಲೆ ನಾನು ಎಷ್ಟೋ ಮಕ್ಕಳನ್ನು ಎತ್ತಿಕೊಂಡಿದ್ದೇನೆ, ಹುಟ್ಟುವ ಮೊದಲು ಕಂಡದ್ದು ಇದೇ ಮೊದಲು. ನನಗೆ ಕಣ್ಣು ತುಂಬಿತು. ಸಂತೋಷ ಹೆಚ್ಚಾದರೆ ನನ್ನ ಕೈ ಸುಮ್ಮನೆ ಕೂರುವುದಿಲ್ಲ, ಅದೇ ತೊಂದರೆ.

ಮರುದಿನ ಗುರ್ಕಾರ ತಿನ್ನಲು ಹೊರಬಂದಾಗ ನೋಡುತ್ತೇನೆ, ಹೊಟ್ಟೆಯ ಗರಿ ಉದುರಿ ಚರ್ಮ ಕೆಂಪಗೆ ಒಣಗಿದೆ. ಛೇ, ಪಾಪ! ಊರಿನ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚುವ ನಾನು ಮನೆಯ ಬಾಣಂತಿಯನ್ನು ಹೀಗೆ ಒಣಗಿಸುವುದೇ? ತೆಂಗಿನೆಣ್ಣೆಗೆ ಓಮ, ಬೆಳ್ಳುಳ್ಳಿ ಹಾಕಿ ಕಾಯಿಸಿ, ಆರಿಸಿ, ಅವಳನ್ನು ತೊಡೆಯ ಮೇಲೆ ಮಲಗಿಸಿ ಹೊಟ್ಟೆಗೆ ಮೆಲ್ಲಗೆ ತಿಕ್ಕಿದೆ. ಅವಳು ಕಣ್ಣು ಮುಚ್ಚಿ ಮಲಗಿದ್ದಳು, ನನ್ನ ಮೇಲೆ ಅಷ್ಟು ನಂಬಿಕೆ. ಆಮೇಲೆ ಎದ್ದು ಹೋಗಿ ಮೊಟ್ಟೆಗಳ ಮೇಲೆ ಕುಳಿತಳು. ಮುಟ್ಟಬೇಡಿ ಎಂದದ್ದು ಮೊಟ್ಟೆಯನ್ನು ಎಂದು ನಾನು ತಿಳಿದುಕೊಂಡಿದ್ದೆ, ಮೊಟ್ಟೆಯನ್ನು ಮುಟ್ಟಿರಲಿಲ್ಲ.

ಮುಂದಿನ ಸಲ ಡ್ಯಾಫ್ನಿ ಬಂದು ಮೊಟ್ಟೆ ಎತ್ತಿದವಳು ಮೂಸಿ ನೋಡಿದಳು. "ಇದೆಂತ ಓಮದ ವಾಸನೆ?"

ನಾನು ಹೇಳಿದೆ. ಅವಳ ಮುಖ ಸಪ್ಪಗಾಯಿತು.

"ಅಕ್ಕಾ, ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ತೂತು ಉಂಟು. ಒಳಗಿನ ಮರಿ ಅದರಲ್ಲೇ ಉಸಿರಾಡುದು. ಎಣ್ಣೆ ಅದನ್ನು ಮುಚ್ಚುತ್ತದೆ."

ಟಾರ್ಚು ಹಿಡಿದಳು. ಒಂದು ಮೊಟ್ಟೆಯಲ್ಲಿ ನರಗಳಿಲ್ಲ, ಚುಕ್ಕೆಯಿಲ್ಲ, ಬರೀ ಕಪ್ಪು. ಇನ್ನೊಂದು ಪೆಟ್ಟಿಗೆಯ ಬದಿಗೆ ಇತ್ತು, ಅದಕ್ಕೆ ಸ್ವಲ್ಪವೇ ತಾಗಿತ್ತು. ಅದರಲ್ಲಿ ಚುಕ್ಕೆ ಮಿಡಿಯುತ್ತಿತ್ತು. ಡ್ಯಾಫ್ನಿ ಕಾರ್ನ್‌ಫ್ಲೋರ್ ಪುಡಿ ತರಿಸಿ ಗುರ್ಕಾರನ ಹೊಟ್ಟೆಗೆ ಒತ್ತಿ ಒತ್ತಿ ಎಣ್ಣೆ ಹೀರಿಸಿದಳು. ನಾನು ಚಾವಡಿಯ ಮೆಟ್ಟಿಲಲ್ಲಿ ಕುಳಿತು ನನ್ನ ಎರಡು ಕೈಯನ್ನೂ ನೋಡಿದೆ. ಹೆಮ್ಮೆಯ ಕೈಗಳು. ಅವುಗಳನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅತ್ತಾವರದ ಬಚ್ಚಲಿನಲ್ಲಿ ಅಪೇಕ್ಷಾಳ ಮುಂದೆ ನಿಂತೆ. ಡ್ಯಾಫ್ನಿ ಅಷ್ಟರಲ್ಲೇ ಹೇಳಿಯಾಗಿತ್ತು.

"ನಾನು ಹೇಳಿದ್ದೆ ಅಲ್ವಾ? ಏನೂ ಮಾಡ್ಬೇಡಿ ಅಂತ ಹೇಳಿದ್ದೆ ಅಲ್ವಾ ಜಯಕ್ಕ?" ಅವಳು ಕಿರುಚಿದಳು. ನನ್ನ ಬಚ್ಚಲಿನಲ್ಲಿ ನನ್ನ ಮೇಲೆ ಬಾಣಂತಿ ಕಿರುಚಿದ್ದು ಅದೇ ಮೊದಲು.

"ನಾನೆಂತ ಬೇಕೂಂತ ಮಾಡಿದ್ದಾ? ಪಾಪ ಅಂತ ಮಾಡಿದ್ದು!" ನನ್ನ ಗಂಟಲೂ ಏರಿತು.

"ಪಾಪ ಅಂತಲೇ ಎಲ್ಲರೂ ಅದನ್ನು ಮನೆಯಲ್ಲಿ ಸಾಕಿದ್ದು!"

ಹೊರಗಿನಿಂದ ಆಶಾಲತಕ್ಕ ಬಾಗಿಲು ಬಡಿದರು. "ಎಂತ ಜಯ ಅದು ಗಲಾಟೆ? ಬಾಣಂತಿ ಅಳಬಾರದು, ಕಣ್ಣು ಹಾಳಾಗ್ತದೆ!"

ಎಣ್ಣೆಯ ಬಟ್ಟಲನ್ನು ದೂರ ಸರಿಸಿದೆ. ಬಿಸಿನೀರನ್ನು ಅವಳ ಬೆನ್ನಿಗೆ ಮೆಲ್ಲಗೆ ಹೊಯ್ದೆ.

"ಒಂದು ಉಳಿದಿದೆ ಮಗಾ," ಎಂದೆ. "ಅದಕ್ಕೆ ಎಂತ ಮಾಡ್ಬೇಕು ಹೇಳು. ನೀನು ಹೇಳಿದ್ದು ಮಾತ್ರ ಮಾಡ್ತೇನೆ. ನನ್ನ ತಲೆ ಓಡಿಸುದಿಲ್ಲ."

ಅವಳು ಮೂಗು ಒರೆಸಿಕೊಂಡಳು. "ಎಣ್ಣೆ ಕೈಯಲ್ಲಿ ಹತ್ತಿರ ಹೋಗ್ಬೇಡಿ. ಮತ್ತೆ... ನಿಮಗೆ ಕಷ್ಟ ಆಗ್ಬಹುದು."

"ಹೇಳು ಮಾರಾಯ್ತಿ."

"ಮಾತಾಡ್ಬಾರದು. ಒಡೆಯುವ ಮೊದಲೇ ಒಳಗಿನ ಮರಿಗೆ ಕೇಳ್ತದೆ. ಮನುಷ್ಯರ ಮಾತು ಕೇಳಿ ಅದನ್ನೇ ಕಲಿತರೆ, ಕಾಡಿನಲ್ಲಿ ಬೇರೆ ಗಿಳಿಗಳು ಅದನ್ನು ಹತ್ತಿರ ಸೇರಿಸುದಿಲ್ಲ. ಆಮೇಲೆ ಅದು ಜೀವಮಾನ ಇಡೀ ಗೂಡಿನಲ್ಲೇ."

"ನಾನು ಸುಮ್ಮನೆ ಇರ್ತೇನೆ. ಆದ್ರೆ ಗುರ್ಕಾರ? ಅವಳು ದಿನವಿಡೀ ತುಳುವಿನಲ್ಲಿ ಬೈತಾ ಇರ್ತಾಳಲ್ಲ?"

ಅಪೇಕ್ಷಾ ಒದ್ದೆ ಕೂದಲನ್ನು ಹಿಂಡಿದಳು. "ನೀವು ನಿಲ್ಲಿಸಿದ್ರೆ ಅವಳೂ ಕಮ್ಮಿ ಮಾಡ್ಬಹುದು. ಗ್ಯಾರಂಟಿ ಇಲ್ಲ. ಕಾಡಿನಿಂದ ಬರುವಾಗ ಎಷ್ಟು ದೊಡ್ಡದಿತ್ತೋ, ತನ್ನ ಭಾಷೆ ನೆನಪುಂಟೋ ಇಲ್ವೋ, ಯಾರಿಗೆ ಗೊತ್ತು?"

ಅವತ್ತಿನಿಂದ ನಮ್ಮ ಮನೆಗೆ ಬಾಯಿ ಇಲ್ಲದಾಯಿತು. ಕೆಲಸದಿಂದ ಬಂದವಳು ಹಿತ್ತಿಲಿನಲ್ಲೇ ಅಂಟುವಾಳ ಹಾಕಿ ಕೈ ತಿಕ್ಕಿ, ಸೀರೆ ಬದಲಿಸಿ ಒಳಗೆ ಹೋಗುತ್ತಿದ್ದೆ. ಟಿ.ವಿ. ಬಂದ್. ಕುಕ್ಕರು ಹಿತ್ತಿಲಿನ ಒಲೆಗೆ ಹೋಯಿತು. ರೂಪೇಶ ಫೋನು ಬಂದರೆ ಮನೆಗೆ ಬೆಂಕಿ ಬಿದ್ದ ಹಾಗೆ ರಸ್ತೆಗೆ ಓಡುತ್ತಿದ್ದ. ಮಸ್ಕತ್ತಿನಿಂದ ನಮ್ಮವರು ಫೋನು ಮಾಡಿದರೆ ನಾನು ಮಂಗಳಾದೇವಿ ಗುಡಿಯ ದಾರಿಯವರೆಗೆ ನಡೆದು ಹೋಗಿ ಮಾತಾಡಿ ಬರುತ್ತಿದ್ದೆ. ಮೀನಿನ ಹಸನಬ್ಬ ಸ್ಕೂಟರಿನಲ್ಲಿ ಬಂದು ಗೇಟಿನಲ್ಲಿ ಹಾರನ್ನು ಒತ್ತಲು ಕೈ ಎತ್ತಿದಾಗ ನಾನು ಎರಡು ಕೈಯೂ ಬೀಸುತ್ತಾ ಓಡಿದೆ. ಬಂಗುಡೆಗೆ ಬೆರಳು ತೋರಿಸಿದೆ, ಚಿಕ್ಕದು ಎಂದು ಮೂತಿ ತಿರುವಿದೆ.

"ಜಯಕ್ಕನಿಗೆ ಎಂತ ಆಯ್ತು? ಬಾಯಿ ಬಿದ್ದು ಹೋಯ್ತಾ?" ಹಸನಬ್ಬ ಹೆದರಿ ಕೇಳಿದ. ನಾನು ಅವನನ್ನು ರಸ್ತೆಯ ತಿರುವಿನವರೆಗೆ ಎಳೆದುಕೊಂಡು ಹೋಗಿ ವಿಷಯ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೂ ಮರುದಿನದಿಂದ ತಿರುವಿನಲ್ಲೇ ಸ್ಕೂಟರು ನಿಲ್ಲಿಸಿ ನಡೆದು ಬಂದ.

ನಾವೆಲ್ಲ ಸುಮ್ಮನಾದೆವು. ಗುರ್ಕಾರ ಆಗಲಿಲ್ಲ. ಪೆಟ್ಟಿಗೆಯೊಳಗಿನಿಂದ ನನ್ನದೇ ಸ್ವರ ನನ್ನನ್ನೇ ಬೈಯುತ್ತಿತ್ತು. "ದಾನೆ ಮಾರಾಯಾ!" "ಕುಕ್ಕರ್ ಏತ್ ಕೂಗುಂಡು?" ಏನು ಮಾರಾಯಾ, ಕುಕ್ಕರು ಎಷ್ಟು ಸಲ ಕೂಗಿತು ಎಂದು. ಮೌನವಾದ ಮನೆಯಲ್ಲಿ ಕೇಳಿದಾಗ ನನಗೆ ನಾಚಿಕೆಯಾಯಿತು. ಇಷ್ಟು ಒರಟಾಗಿ ಮಾತಾಡುತ್ತೇನೆಯೇ ನಾನು? ಭವ್ಯಶ್ರೀ ನನ್ನ ಮುಖ ನೋಡಿ, ಹೌದು ಎಂಬಂತೆ ತಲೆ ಆಡಿಸಿದಳು. ಇಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆವು. ಅತ್ತೆ ಸೊಸೆ ಒಟ್ಟಿಗೆ ನಕ್ಕದ್ದು ಆ ಮನೆಯಲ್ಲಿ ಅಪರೂಪ, ಅದನ್ನೂ ಹೇಳಿಬಿಡುತ್ತೇನೆ.

ಆದರೆ ಒಳಗೆ ಭಯ. ಒಂದು ಮರಿಯನ್ನು ಎಣ್ಣೆಯಲ್ಲಿ ಉಸಿರು ಕಟ್ಟಿಸಿ ಕೊಂದೆ. ಇನ್ನೊಂದನ್ನು ನನ್ನ ಮಾತಿನಲ್ಲಿ ಹಾಳು ಮಾಡುತ್ತೇನೆಯೇ? ಇಪ್ಪತ್ತು ವರ್ಷ ನಾನೇ ತುಂಬಿಸಿದ ಗಂಟಲು ಅದು. ತಿರುಗಿ ಖಾಲಿ ಮಾಡುವುದು ಹೇಗೆ?

ಚಿಪ್ಪಿನಲ್ಲಿ ಸಣ್ಣ ಬಿರುಕು ಕಂಡಿದೆ ಎಂದು ಡ್ಯಾಫ್ನಿ ಹೇಳಿ ಹೋದ ಸಂಜೆಯೂ ಗುರ್ಕಾರ ಗಟ್ಟಿಯಾಗಿ "ಏ ರೂಪೇಶಾ, ಲಕ್ಕ್!" ಎಂದಳು. ರೂಪೇಶ ತಲೆ ಮೇಲೆ ಕೈ ಹೊತ್ತು ಕುಳಿತ.

ಮರುದಿನ ಬೆಳಿಗ್ಗೆ ನಾನು ಯಾವ ಮನೆಗೂ ಹೋಗಲಿಲ್ಲ. ಭವ್ಯಶ್ರೀ ಆಸ್ಪತ್ರೆಯ ಡ್ಯೂಟಿಗೆ ರಜೆ ಹಾಕಿದಳು. ಡ್ಯಾಫ್ನಿ ಬಂದಳು. ಪೆಟ್ಟಿಗೆಯ ಹಿಂದಿನ ಗೋಡೆಗೆ ಒರಗಿ ಮೂವರೂ ನೆಲದ ಮೇಲೆ ಕುಳಿತೆವು. ಬಿಸಿಲು ಚಾವಡಿಗೆ ಬಂದಿತ್ತು. ಒಳಗೆ ಚಿಪ್ಪು ಕಿರ್ ಎಂದ ಶಬ್ದ. ಆಮೇಲೆ ಬಹಳ ಸಣ್ಣದೊಂದು ಚೀಂಯ್. ಭವ್ಯಶ್ರೀ ನನ್ನ ಕೈ ಹಿಡಿದಳು. ಈಗ ಗುರ್ಕಾರ ಎಂತ ಹೇಳುತ್ತಾಳೆ? ದಾನೆ ಮಾರಾಯಾ ಎನ್ನುತ್ತಾಳೆ, ಖಂಡಿತ ಎನ್ನುತ್ತಾಳೆ, ಎಲ್ಲ ಮುಗಿಯುತ್ತದೆ.

ಮತ್ತೊಮ್ಮೆ ಚೀಂಯ್.

ಆಗ ಪೆಟ್ಟಿಗೆ‌ಯೊಳಗಿನಿಂದ ಒಂದು ಶಬ್ದ ಬಂತು. ಮೊದಲು ಕೆಳಗಿನಿಂದ ಮೇಲೆ ಹೋಗುವ ಒಂದು ಸಿಳ್ಳೆ, ಬಹಳ ಮೆಲ್ಲಗೆ. ಕೊನೆಯಲ್ಲಿ ಅದು ಎರಡು ತುಂಡಾಗಿ ಇಳಿಯಿತು. ಆಮೇಲೆ ಗಂಟಲಿನೊಳಗೆ ಗುಳುಗುಳು, ಹಂಡೆಯಲ್ಲಿ ನೀರು ಕಾಯಲು ಶುರುವಾದ ಹಾಗೆ. ಪುನಃ ಸಿಳ್ಳೆ. ಅದು ನನ್ನ ಸ್ವರವಲ್ಲ. ನಮ್ಮ ಮನೆಯ ಯಾರ ಸ್ವರವೂ ಅಲ್ಲ. ಬೋಳಾರದ ಯಾವ ಕಾಗೆ, ಕೋಗಿಲೆ, ಗಿಳಿಯದ್ದೂ ಅಲ್ಲ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಆ ಶಬ್ದ ಈ ಮನೆಯಲ್ಲಿ ಕೇಳಿರಲಿಲ್ಲ. ಮರಿ ಚೀಂಯ್ ಎಂದಾಗಲೆಲ್ಲ ಗುರ್ಕಾರ ಅದನ್ನೇ ಹೇಳಿದಳು, ಅದೇ ಏರಿಕೆ, ಅದೇ ಇಳಿಕೆ, ಒಂದಿಷ್ಟೂ ತಪ್ಪಲಿಲ್ಲ.

ಡ್ಯಾಫ್ನಿ ಬಾಯಿಗೆ ಎರಡು ಕೈ ಒತ್ತಿಕೊಂಡಿದ್ದಳು. ನನಗೆ ಉರ್ಸುಲಾಳ ನೆನಪಾಯಿತು, ಆಮ್ನಾಳ ನೆನಪಾಯಿತು. ಬಚ್ಚಲಿನ ಹಬೆಯಲ್ಲಿ ಮಗುವಿನ ಕಿವಿಗೆ ಬಾಯಿ ಇಟ್ಟವರೆಲ್ಲ ನೆನಪಾದರು. ಯಾವುದೋ ದೊಡ್ಡ ಮರದ ಪೊಟರೆಯ ಕತ್ತಲಲ್ಲಿ ಇವಳ ತಾಯಿಯೂ ಇವಳಿಗೆ ಇದನ್ನೇ ಹೇಳಿರಬೇಕು, ಯಾರದೋ ಕೈ ಒಳಗೆ ಬರುವ ಮೊದಲು. ಇವಳು ಅದನ್ನು ಮಸ್ಕತ್ತಿಗೆ ತಂದಳು, ಮಂಗಳೂರಿಗೆ ತಂದಳು, ಯಾರಿಗೂ ಹೇಳದೆ ಇಟ್ಟುಕೊಂಡಳು. ನನಗೆ ಅಳು ಬಂತು. ಸದ್ದು ಮಾಡದೆ ಅಳುವುದು ನನಗೆ ಅಭ್ಯಾಸವಿಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತೆ.

ಹಿತ್ತಿಲಿಗೆ ಹೋಗಿ ಅಪೇಕ್ಷಾಳಿಗೆ ಫೋನು ಮಾಡಿದೆ. "ಮಾತಾಡಿದಳು ಮಗಾ, ಅವಳದ್ದೇ ಭಾಷೆಯಲ್ಲಿ!" ಎಂದಷ್ಟೇ ಹೇಳಲು ಆಯಿತು. ಆ ಕಡೆಯಿಂದ ಬಾಣಂತಿಯ ಅಳು, ಅವಳ ಕೂಸಿನ ಅಳು, ಆಶಾಲತಕ್ಕನ ಬೈಗುಳ ಮೂರೂ ಒಟ್ಟಿಗೆ ಕೇಳಿದವು.

ಮರಿ ದೊಡ್ಡದಾಯಿತು. ಮೊದಲು ಬರೀ ಮಾಂಸದ ಮುದ್ದೆ, ಆಮೇಲೆ ಬೂದಿ ಹಚ್ಚಿದ ಹಾಗೆ ತುಪ್ಪಳ, ಆಮೇಲೆ ಬಾಲದಲ್ಲಿ ಕೆಂಪು. ಗುರ್ಕಾರ ತಾನು ತಿಂದದ್ದನ್ನೇ ಅದರ ಬಾಯಿಗೆ ಹಾಕುತ್ತಿದ್ದಳು. ನನ್ನ ಕೈ ಎಷ್ಟೋ ಸಲ ಮುಂದೆ ಹೋಯಿತು. ಎಷ್ಟೋ ಸಲ ನಾನೇ ಅದನ್ನು ಹಿಂದೆ ಎಳೆದುಕೊಂಡೆ. ಮರಿ ಹುಟ್ಟಿದ ಮೇಲೆ ಗುರ್ಕಾರ ಆ ಪೆಟ್ಟಿಗೆಯಲ್ಲಿ ಇದ್ದಷ್ಟು ಕಾಲ ತುಳುವಿನ ಒಂದು ಮಾತೂ ಆಡಲಿಲ್ಲ.

ರೆಕ್ಕೆ ಬಲಿತ ಮೇಲೆ ಮರಿ ಕೇಂದ್ರದ ದೊಡ್ಡ ಬಲೆಮನೆಗೆ, ಬೇರೆ ಗಿಳಿಗಳ ಹಿಂಡಿಗೆ ಹೋಗಬೇಕು. ಅಪೇಕ್ಷಾ ಕೂಸನ್ನು ಎತ್ತಿಕೊಂಡು ಸ್ವತಃ ಬಂದಿದ್ದಳು. ಅಂಗಳದಲ್ಲಿ ನಿಂತು ತಡವರಿಸಿದಳು.

"ಸ್ವಲ್ಪ ಸಮಯ ಗುರ್ಕಾರನೂ ಜೊತೆಗಿದ್ರೆ ಒಳ್ಳೇದು ಜಯಕ್ಕ. ಆಮೇಲೆ ನಿಮಗೆ ವಾಪಾಸು..."

"ಎಂತಕ್ಕೆ ವಾಪಾಸು?" ಎಂದೆ. ನನಗೆ ಸಿಟ್ಟೇ ಬಂದಿತ್ತು, ಯಾರ ಮೇಲೆ ಎಂದು ಗೊತ್ತಿಲ್ಲ. "ತಾಯಿಮಗುವನ್ನು ಬೇರೆ ಮಾಡಿ ಅವಳನ್ನು ತಂದು ಇಲ್ಲಿ ಎಂತ ಮಾಡುದು? ರೂಪೇಶನನ್ನು ಎಬ್ಬಿಸುದಾ? ಅವನಿಗೆ ಅಲಾರಂ ಉಂಟು. ತಕೊಂಡು ಹೋಗು."

ಅವಳು ನನ್ನನ್ನು ತಬ್ಬಿಕೊಂಡಳು. ನಡುವೆ ಕೂಸು ಅಪ್ಪಚ್ಚಿಯಾಗಿ ಕಿರುಚಿತು. ವ್ಯಾನು ತಿರುವು ದಾಟುವವರೆಗೆ ನಾನು ಗೇಟಿನಲ್ಲಿ ನಿಂತಿದ್ದೆ. ಒಳಗೆ ಬಂದು ಖಾಲಿ ಪೆಟ್ಟಿಗೆ ನೋಡಿ, ಈ ಮನೆಯಲ್ಲಿ ಇಷ್ಟೊಂದು ಜಾಗ ಇತ್ತೇ ಎಂದುಕೊಂಡೆ. ಅದನ್ನು ಒಲೆಗೆ ಹಾಕಲು ಭವ್ಯಶ್ರೀ ಬಿಡಲಿಲ್ಲ.

ಜಡಿಮಳೆಯ ಆಟಿ ತಿಂಗಳು ಕಳೆದು ಬಿಸಿಲು ಬಿದ್ದ ಒಂದು ದಿನ ಅಪೇಕ್ಷಾ ನನ್ನನ್ನು ಕರೆಸಿದಳು. ಕಾಡಿಗೆ ಬಿಡಲು ಘಾನಾಕ್ಕೆ ಕಳಿಸುವ ಹಕ್ಕಿಗಳನ್ನು ಆರಿಸುವ ಸಮಯ. ನಮ್ಮ ಮರಿಯ ಹೆಸರು, ಹೆಸರೆಂದರೆ ನಂಬರು, ಅದರಲ್ಲಿತ್ತು. ಬಲೆಮನೆಯ ಹತ್ತಿರ ಒಂದು ಶಬ್ದವೂ ಆಗಬಾರದು, ಸೊಪ್ಪಿನ ಮರೆಯಿಂದ ನೋಡಬೇಕು, ಅಷ್ಟೇ ಎಂದಳು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೇ ಒಳಗೆ ಹೋದೆ.

ಎತ್ತರದ ಕೊಂಬೆಯಲ್ಲಿ ಎರಡು ಬೂದು ಕೋಟುಗಳು. ಯಾವುದು ತಾಯಿ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಅವಳು ಕೆಮ್ಮಿದ ಹಾಗೆ ಕುತ್ತಿಗೆ ಎತ್ತಿ ಒಂದು ಸುತ್ತು ನೋಡಿದಳು. ಸೊಪ್ಪಿನ ನಡುವೆ ನನ್ನನ್ನು ಕಂಡೇಬಿಟ್ಟಳು. ಈಗ ಕೂಗುತ್ತಾಳೆ. ಅಷ್ಟು ವರ್ಷದ ಗುರುತು, ಕೂಗದೆ ಇರುತ್ತಾಳೆಯೇ? ಅಲ್ಲೇ ಪಕ್ಕದಲ್ಲಿ ಮರಿ ಕುಳಿತಿದೆ. ನನ್ನ ಒಂದು ಮಾತು ಅವಳ ಬಾಯಿಂದ ಬಂದರೆ, ಅದನ್ನು ಮರಿ ಹಿಡಿದರೆ, ಅದಕ್ಕೆ ಕಾಡು ತಪ್ಪಿಹೋಗುತ್ತದೆ. ಬೇಡ ಮಾರಾಯ್ತಿ, ನಾನು ಯಾರೂ ಅಲ್ಲ ನಿನಗೆ ಎಂದು ಮನಸ್ಸಿನಲ್ಲೇ ಕೈ ಮುಗಿದೆ.

ಅವಳು ನನ್ನನ್ನು ತುಂಬ ಹೊತ್ತು ನೋಡಿದಳು. ಕುತ್ತಿಗೆಯ ಗರಿಗಳೆಲ್ಲ ನಿಮಿರಿದವು. ಆಮೇಲೆ ಮರಿಯ ಕಡೆ ತಿರುಗಿ ಅದೇ ಸಿಳ್ಳೆ ಹಾಕಿದಳು, ಕೆಳಗಿನಿಂದ ಮೇಲೆ, ಕೊನೆಯಲ್ಲಿ ಎರಡು ತುಂಡು. ಮರಿ ಅದನ್ನೇ ತಿರುಗಿ ಹೇಳಿತು. ತುಸು ಬೇಗ, ತುಸು ಜೋರಾಗಿ, ಒಂದಕ್ಷರ ತಪ್ಪದೆ. ಎರಡೂ ಒಟ್ಟಿಗೆ ಹಾರಿ ಬಲೆಯ ಆ ತುದಿಯ ಮರಕ್ಕೆ ಹೋದವು.

ನಾನು ಹಿಂದೆ ತಿರುಗಿ ನೋಡದೆ ಹೊರಗೆ ನಡೆದೆ. ಗೇಟು ದಾಟಿ, ಇಳಿಜಾರು ಇಳಿದು, ಬಸ್ಸು ಓಡುವ ರಸ್ತೆಗೆ ಬಂದ ಮೇಲೆ ಬಾಯಿಯಿಂದ ಸೆರಗು ತೆಗೆದೆ. ಮಸ್ಕತ್ತಿಗೆ ಫೋನು ಹಚ್ಚಿದೆ. ಹಲೋ ಎಂದರು ನಮ್ಮವರು, ಹಿಂದೆ ಪಾತ್ರೆಗಳ ಸದ್ದು.

"ಕೇಳಿದಿರಾ?" ನಾನು ಕಿರುಚಿದೆ. ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಮಕ್ಕಳೆಲ್ಲ ತಿರುಗಿ ನೋಡಿದರು, ನೋಡಲಿ. "ನಿಮ್ಮ ಗುರ್ಕಾರನ ಮಗು ಕಾಡಿಗೆ ಹೋಗ್ತದೆ!"

"ಹೌದಾ? ಮೆಲ್ಲ ಹೇಳು ಮಾರಾಯ್ತಿ, ಕಿವಿ ಹೋಯ್ತು ನನ್ನದು."

"ಮೆಲ್ಲ ಎಂತಕ್ಕೆ?" ಎಂದೆ ನಾನು, ಅಳುತ್ತಾ, ನಗುತ್ತಾ. "ಮಗುವಿಗೆ ತುಳು ಒಂದಕ್ಷರ ಬರುದಿಲ್ಲ!"